ಬಾವಿ ಬತ್ತುವ ಮೊದಲೇ

ಶಾಲೆಯಲ್ಲಿದ್ದಾಗ ಮೇಷ್ಟ್ರೊಬ್ಬರು ಪಾಠದ ಮಧ್ಯೆ ಹೇಳಿದ್ದರು: "ಜಗತ್ತಿನ ಪೆಟ್ರೋಲು ಇನ್ನು ಮೂವತ್ತು ವರ್ಷಕ್ಕೆ ಮುಗಿದುಹೋಗುತ್ತೆ." ಆಗ ನನಗೆಷ್ಟು ವಯಸ್ಸಾಗಿರುತ್ತೆ ಅಂತ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದ್ದು ಈಗಲೂ ನೆನಪಿದೆ. ಆ ವಯಸ್ಸು ಹತ್ತಿರ ಬಂದಾಯಿತು. ಈಗ ಓದುವ ಲೇಖನಗಳು ಇನ್ನೂ ಐವತ್ತು ವರ್ಷಕ್ಕಾಗುವಷ್ಟು ತೈಲ ಇದೆ ಅನ್ನುತ್ತವೆ. ಈ ನಡುವೆ ಜಗತ್ತು ಕೈಕಟ್ಟಿ ಕೂತಿರಲಿಲ್ಲ. ಕೆಲವೇ ವರ್ಷ ಬಿಟ್ಟರೆ ಪ್ರತಿವರ್ಷವೂ ಹಿಂದಿನದಕ್ಕಿಂತ ಜಾಸ್ತಿ ಉರಿಸಿದೆ. ಉರಿಸುತ್ತಾ ಹೋದಂತೆ ಉಳಿದದ್ದು ಹೆಚ್ಚಾಯಿತು ಅಂದರೆ ಎಲ್ಲೋ ಏನೋ ತಾಳೆಯಾಗುತ್ತಿಲ್ಲ, ಅಲ್ವಾ? ಈ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿದೆ. ಮೇಷ್ಟ್ರ ಮಾತು ಸುಳ್ಳಾಯಿತು ಅಂತ ನಿರಾಳವಾಗಿ ಕೂರುವವರನ್ನು ನೋಡಿದ್ದೇನೆ. ನನಗೆ ಆ ನಿರಾಳ ಬಂದೇ ಇಲ್ಲ.

ಆ ಐವತ್ತು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಬಹಳ ಸರಳ. ಜಗತ್ತಿನ ದೇಶಗಳೆಲ್ಲ ತಮ್ಮಲ್ಲಿದೆ ಅಂತ ಹೇಳಿಕೊಂಡಿರುವ ತೈಲ ಒಟ್ಟು ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಜಗತ್ತು ದಿನಕ್ಕೆ ಬಳಸುವುದು ಹತ್ತು ಕೋಟಿ ಬ್ಯಾರೆಲ್‌ಗಿಂತ ಸ್ವಲ್ಪ ಜಾಸ್ತಿ. ಅದನ್ನು ಇದರಿಂದ ಭಾಗಿಸಿದರೆ 47 ವರ್ಷದ ಆಸುಪಾಸು ಬರುತ್ತದೆ. ಅಷ್ಟೇ ಲೆಕ್ಕ. ಇಲ್ಲಿ ಮೊದಲನೇ ತೊಂದರೆ ನಿಕ್ಷೇಪದ ಆ ಒಟ್ಟು ಮೊತ್ತದ್ದೇ. ಇವತ್ತಿನ ಬೆಲೆಗೆ, ಇವತ್ತಿನ ಯಂತ್ರಗಳಿಂದ ಲಾಭಕ್ಕೆ ಎತ್ತಬಹುದಾದ ತೈಲವನ್ನು ಮಾತ್ರ ಅದರಲ್ಲಿ ಸೇರಿಸುತ್ತಾರೆ. ಬೆಲೆ ಏರಿದರೆ ಮೊತ್ತವೂ ಏರುತ್ತದೆ. ಅದೂ ಸಾಲದೆ, ಅದನ್ನು ಹೇಳುವವರು ಆಯಾ ದೇಶದವರೇ. 1980ರ ದಶಕದ ಕೊನೆಯಲ್ಲಿ ತೈಲ ರಫ್ತು ಮಾಡುವ ದೇಶಗಳ ಒಕ್ಕೂಟವಾದ ಒಪೆಕ್‌ನ ಹಲವು ದೇಶಗಳು ಒಂದರ ಹಿಂದೆ ಒಂದರಂತೆ ತಮ್ಮ ನಿಕ್ಷೇಪದ ಅಂದಾಜನ್ನು ಏರಿಸಿಕೊಂಡವು. ಅದಕ್ಕೆ ತಕ್ಕ ದೊಡ್ಡ ಹೊಸ ಶೋಧ ಯಾವುದೂ ಆಗಿರಲಿಲ್ಲ. ನಿಕ್ಷೇಪದ ಗಾತ್ರ ನೋಡಿ ಯಾರು ಎಷ್ಟು ತೆಗೆಯಬಹುದು ಅನ್ನುವ ಪಾಲಿನ ಮಾತು ಆಗ ಒಪೆಕ್‌ನಲ್ಲಿ ನಡೆಯುತ್ತಿತ್ತು. ಹೊಸ ತೈಲಕ್ಷೇತ್ರಗಳು ಅತಿ ಹೆಚ್ಚು ಸಿಕ್ಕಿದ ಕಾಲ 1960ರ ದಶಕ. ಆಮೇಲೆ ಆ ಪ್ರಮಾಣದಲ್ಲಿ ಸಿಕ್ಕೇ ಇಲ್ಲ.

ಎರಡನೇ ತೊಂದರೆ ಇದಕ್ಕಿಂತ ದೊಡ್ಡದು. ಈ ಲೆಕ್ಕದ ಪ್ರಕಾರ 47 ವರ್ಷ ದಿನವೂ ಅದೇ ಹತ್ತು ಕೋಟಿ ಬ್ಯಾರೆಲ್ ಬರುತ್ತಾ ಇರುತ್ತದೆ, ಕೊನೆಯ ದಿನ ಸಂಜೆ ಒಮ್ಮೆಲೇ ನಿಂತುಹೋಗುತ್ತದೆ. ಭೂಮಿಯ ಮೇಲಿನ ಯಾವ ತೈಲ ಬಾವಿಯೂ ಹಾಗೆ ನಡೆದುಕೊಂಡಿಲ್ಲ.

ಕೈಯಲ್ಲಿದ್ದ ಕಲ್ಲು

ಇದು ನನಗೆ ಸರಿಯಾಗಿ ಅರ್ಥವಾದದ್ದು ಗೆಳೆಯನ ತಂದೆಯಿಂದ. ಅವರು ತೈಲಕ್ಷೇತ್ರಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಒಂದು ಸಂಜೆ ಈ ಐವತ್ತು ವರ್ಷದ ಮಾತು ತೆಗೆದಾಗ ಉತ್ತರ ಕೊಡದೆ ಎದ್ದುಹೋದರು. ಬರುವಾಗ ಕೈಯಲ್ಲಿ ಒಂದು ಕಲ್ಲಿತ್ತು. ಬಾವಿ ಕೊರೆಯುವಾಗ ಆಳದಿಂದ ತೆಗೆದ ಮಾದರಿಯ ತುಂಡು. ಉರುಟು, ಕಂದು ಬಣ್ಣ, ಒಂದು ಕಡೆ ಗರಗಸದಿಂದ ಕೊಯ್ದು ನುಣುಪಾಗಿತ್ತು. "ಇದೇ ತೈಲಕ್ಷೇತ್ರ ನೋಡಪ್ಪ" ಅಂದರು. ನೆಲದಡಿಯಲ್ಲಿ ಎಣ್ಣೆಯ ಕೆರೆ ಇರುತ್ತದೆ ಅಂತ ಚಿತ್ರ ಬರೆದುಕೊಂಡಿದ್ದ ನನಗೆ ಮಾತು ಹೊರಡಲಿಲ್ಲ. ಒಂದು ಭೂತಗನ್ನಡಿ ಕೊಟ್ಟರು. ಮರಳಿನ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಡುವೆ ಕೂದಲೆಳೆಗಿಂತ ಸಣ್ಣ ಸಂದುಗಳು. ಉಗುರಿನಿಂದ ಕೆರೆದರೆ ಒಂದೆರಡು ಕಾಳು ಬೆರಳಿಗೆ ಬಂತು. ಸ್ವಲ್ಪ ಅಂಟಂಟು. ಮೂಗಿಗೆ ಹಿಡಿದರೆ ಡಾಂಬರು ಹಾಕಿದ ರಸ್ತೆ ಬಿಸಿಲಿಗೆ ಕಾದಾಗ ಬರುವಂಥ ವಾಸನೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹೂತುಹೋದ ಸಣ್ಣ ಸಣ್ಣ ಜೀವಿಗಳು ಕೊಳೆತು, ಬೆಂದು, ಆ ಸಂದುಗಳಲ್ಲಿ ಬಂದು ಕೂತಿದ್ದವು.

ಎಣ್ಣೆ ಮೇಲೆ ಬರಬೇಕಾದರೆ ಆ ಸಂದುಗಳಿಂದ ಜಿನುಗಿಕೊಂಡು ಬಾವಿಯ ತನಕ ಬರಬೇಕು. ದೂಡಲು ಒತ್ತಡ ಬೇಕು. ಹೊಸ ಕ್ಷೇತ್ರದಲ್ಲಿ ಆ ಒತ್ತಡ ಕಲ್ಲಿನೊಳಗೇ ಇರುತ್ತದೆ. ತೆಗೆಯುತ್ತಾ ಹೋದಂತೆ ಅದು ಇಳಿಯುತ್ತದೆ. ಆಗ ಅಂಚಿನಲ್ಲಿ ಬೇರೆ ಬಾವಿ ಕೊರೆದು ನೀರನ್ನೋ ಅನಿಲವನ್ನೋ ಒಳಗೆ ತುಂಬಿ ಎಣ್ಣೆಯನ್ನು ನೂಕುತ್ತಾರೆ. ನೂಕಿದ ನೀರು ಕ್ರಮೇಣ ಬಾವಿಯ ಬುಡಕ್ಕೇ ಬರುತ್ತದೆ. ಒದ್ದೆ ಬಟ್ಟೆಯನ್ನು ಎಷ್ಟು ಹಿಂಡಿದರೂ ಪೂರ್ತಿ ಒಣಗುವುದಿಲ್ಲವಲ್ಲ, ಇದೂ ಹಾಗೇ. ಜಗತ್ತಿನ ಸರಾಸರಿ ನೋಡಿದರೆ ಕಲ್ಲಿನಲ್ಲಿರುವ ಎಣ್ಣೆಯ ಮೂರನೇ ಒಂದು ಭಾಗದಷ್ಟು ಮಾತ್ರ ಕೈಗೆ ಬರುತ್ತದೆ. ಕೆಲಸದ ಕೊನೆಯ ವರ್ಷಗಳಲ್ಲಿ ತಾವು ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಎಣ್ಣೆಯ ಅಳತೆಯನ್ನಲ್ಲ, ನೀರಿನದ್ದು ಅಂದರು. ಹತ್ತು ಪಾಲು ಮೇಲೆ ಬಂದರೆ ಅದರಲ್ಲಿ ಒಂಬತ್ತು ಪಾಲು ನೀರು.

"ಹಾಗಾದರೆ ಆ ಬಾವಿ ಮುಗೀತಾ?" ಅಂತ ಕೇಳಿದೆ.

"ಮುಗಿಯೋದು ಅಂತ ಇರಲ್ಲಪ್ಪ. ನೀರು ಎತ್ತೋ ಖರ್ಚು ಎಣ್ಣೆಯಿಂದ ಬರೋ ದುಡ್ಡನ್ನ ಮೀರಿದ ದಿನ ಬಾವಿಯ ಬಾಯಿ ಮುಚ್ಚಿ ಬರ್ತೀವಿ. ಒಳಗೆ ಎಣ್ಣೆ ಇದ್ದೇ ಇರುತ್ತೆ."

ಅವತ್ತಿನಿಂದ ಎಷ್ಟು ವರ್ಷಕ್ಕಾಗುತ್ತೆ ಅನ್ನುವ ಪ್ರಶ್ನೆಯಲ್ಲಿ ನನಗೆ ಆಸಕ್ತಿ ಹೋಯಿತು. ದಿನಕ್ಕೆ ಎಷ್ಟು ಬರುತ್ತದೆ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದನ್ನು ಹುಡುಕಿ ಓದತೊಡಗಿದೆ. ನಮ್ಮ ಬದುಕು ನಡೆಯುವುದು ಆ ದಿನದ ಹರಿವಿನ ಮೇಲೆ. ವೆನೆಜುವೆಲಾವನ್ನೇ ನೋಡಿ. ಕಾಗದದ ಮೇಲೆ ಜಗತ್ತಿನ ಅತಿ ದೊಡ್ಡ ನಿಕ್ಷೇಪ ಅದರದ್ದು, 30,000 ಕೋಟಿ ಬ್ಯಾರೆಲ್‌ಗಿಂತ ಜಾಸ್ತಿ. ಅದರ ಬಹುಪಾಲು ಒರಿನೊಕೊ ಪ್ರದೇಶದ ಗಟ್ಟಿ ಎಣ್ಣೆ. ತೆಳುವಾದ ಬೇರೆ ಎಣ್ಣೆ ಬೆರೆಸದೆ ಪೈಪಿನಲ್ಲಿ ಹರಿಯುವುದೂ ಕಷ್ಟ. ಅದರ ಜೊತೆಗೆ ಕೆಟ್ಟ ಆಡಳಿತ, ದಿಗ್ಬಂಧನ. 1990ರ ದಶಕದ ಕೊನೆಯಲ್ಲಿ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಮೀರಿ ತೆಗೆಯುತ್ತಿದ್ದ ದೇಶ 2020ರ ಹೊತ್ತಿಗೆ ಹತ್ತು ಲಕ್ಷವನ್ನೂ ಮುಟ್ಟದೆ ಒದ್ದಾಡಿತು. ನೆಲದಡಿ ಇರುವುದು ಬೇರೆ, ಕೈಗೆ ಸಿಗುವುದು ಬೇರೆ.

ಇಳಿದುಹೋದ ದೊಡ್ಡವರು

ಮೆಕ್ಸಿಕೋದ ಕ್ಯಾಂಪೆಚೆ ಕೊಲ್ಲಿಯಲ್ಲಿ ರುಡೆಸಿಂಡೊ ಕ್ಯಾಂಟರೆಲ್ ಅನ್ನುವ ಮೀನುಗಾರನಿದ್ದ. ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದ್ದುದನ್ನು ಕಂಡು ತೈಲ ಕಂಪನಿಗೆ ಸುದ್ದಿ ಮುಟ್ಟಿಸಿದ. 1976ರಲ್ಲಿ ಅಲ್ಲಿ ಸಿಕ್ಕ ಕ್ಷೇತ್ರಕ್ಕೆ ಅವನ ಹೆಸರೇ ಬಂತು. ಜಗತ್ತಿನ ಬಹಳ ದೊಡ್ಡ ಕ್ಷೇತ್ರಗಳಲ್ಲಿ ಅದೂ ಒಂದು. ಒತ್ತಡ ಇಳಿಯತೊಡಗಿದಾಗ 2000ದಿಂದ ಸಾರಜನಕವನ್ನು ಒಳಗೆ ತುಂಬಿದರು. ಉತ್ಪಾದನೆ ಜಿಗಿಯಿತು. 2004ರಲ್ಲಿ ದಿನಕ್ಕೆ 21 ಲಕ್ಷ ಬ್ಯಾರೆಲ್ ಮುಟ್ಟಿತು. ಆಮೇಲೆ ಐದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಈ ಕಥೆ ನನ್ನನ್ನು ತುಂಬಾ ಕಂಗೆಡಿಸುತ್ತದೆ. ಹೊಸ ತಂತ್ರ ಶಿಖರವನ್ನು ಎತ್ತರ ಮಾಡಿತು, ಜೊತೆಗೆ ಇಳಿಜಾರನ್ನೂ ಕಡಿದಾಗಿಸಿತು. ಬೇಗ ತೆಗೆದದ್ದು ಬೇಗ ಖಾಲಿಯಾಯಿತು.

ಉತ್ತರ ಸಮುದ್ರದ ಬ್ರೆಂಟ್ ಕ್ಷೇತ್ರದ ಹೆಸರು ತೈಲ ಬೆಲೆಯ ಸುದ್ದಿ ಓದುವ ಎಲ್ಲರಿಗೂ ಗೊತ್ತು. 1971ರಲ್ಲಿ ಸಿಕ್ಕಿತು. 2021ರಲ್ಲಿ ಅಲ್ಲಿನ ಕೊನೆಯ ಪ್ಲಾಟ್‌ಫಾರ್ಮ್ ಕೂಡ ಉತ್ಪಾದನೆ ನಿಲ್ಲಿಸಿತು. ಜಗತ್ತಿನ ತೈಲ ವ್ಯಾಪಾರ ಅಳತೆಗೋಲಾಗಿ ಇಟ್ಟುಕೊಂಡಿರುವ ಬ್ರೆಂಟ್ ಬೆಲೆ ಅಂತ ಇವತ್ತು ಓದುವುದು ಸುತ್ತಲಿನ ಬೇರೆ ಕ್ಷೇತ್ರಗಳ ಎಣ್ಣೆಯ ಬೆಲೆ. ಅದಕ್ಕೆ 2023ರಿಂದ ಅಮೆರಿಕದ ಎಣ್ಣೆಯನ್ನೂ ಸೇರಿಸಿದ್ದಾರೆ. ಬ್ರಿಟನ್ನಿನ ಒಟ್ಟು ಉತ್ಪಾದನೆ 1999ರಲ್ಲಿ ಶಿಖರ ಮುಟ್ಟಿ, ಈಗ ಅದರ ಕಾಲು ಭಾಗದ ಆಸುಪಾಸಿಗೆ ಬಂದಿದೆ. ಅಲ್ಲಿ ಯುದ್ಧ ಆಗಿಲ್ಲ, ದಿಗ್ಬಂಧನ ಇಲ್ಲ, ತಂತ್ರಜ್ಞಾನಕ್ಕೂ ಹಣಕ್ಕೂ ಕೊರತೆ ಇರಲಿಲ್ಲ. ಆದರೂ ಇಳಿಯಿತು.

ಅಲಾಸ್ಕದ ಉತ್ತರ ತುದಿಯ ಪ್ರೂಡೋ ಬೇ ತೈಲಕ್ಷೇತ್ರದ್ದು ಇನ್ನೊಂದು ಬಗೆಯ ಪಾಠ. ಅಲ್ಲಿಂದ ದಕ್ಷಿಣದ ಬಂದರಿಗೆ ಸುಮಾರು 1,300 ಕಿಲೋಮೀಟರ್ ಉದ್ದದ ಪೈಪ್‌ಲೈನ್ 1977ರಲ್ಲಿ ಶುರುವಾಯಿತು. 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತು. ಬಿಸಿ ಎಣ್ಣೆ ನಾಲ್ಕೈದು ದಿನದಲ್ಲಿ ಬಂದರು ಸೇರುತ್ತಿತ್ತು. ಈಗ ಹರಿಯುವುದು ಐದು ಲಕ್ಷಕ್ಕಿಂತ ಕಡಿಮೆ. ಅದೇ ದೂರಕ್ಕೆ ಎರಡು ವಾರಕ್ಕೂ ಜಾಸ್ತಿ ಬೇಕು. ನಿಧಾನವಾದ ಎಣ್ಣೆ ದಾರಿಯಲ್ಲೇ ತಣ್ಣಗಾಗುತ್ತದೆ. ಮೇಣ ಗಟ್ಟಿಯಾಗಿ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಎಣ್ಣೆಯ ಜೊತೆ ಬಂದ ನೀರು ಹೆಪ್ಪುಗಟ್ಟುವ ಭಯ ಬೇರೆ. ಹಾಗಾಗಿ ಚಳಿಗಾಲದಲ್ಲಿ ದಾರಿಯುದ್ದಕ್ಕೂ ಅಲ್ಲಲ್ಲಿ ಎಣ್ಣೆಯನ್ನು ಬಿಸಿ ಮಾಡಬೇಕು, ಪೈಪನ್ನು ಒಳಗಿಂದ ಕೆರೆಯುತ್ತಾ ಇರಬೇಕು. ಪ್ರಮಾಣ ಇಳಿದರೆ ಖರ್ಚೂ ಇಳಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ ಆಗುತ್ತದೆ. ದೊಡ್ಡ ಹರಿವಿಗೆ ಕಟ್ಟಿದ ವ್ಯವಸ್ಥೆಗೆ ಸಣ್ಣ ಹರಿವೇ ಭಾರ. ಪೈಪ್‌ಲೈನಿಗೆ ಅನ್ವಯಿಸುವ ಮಾತು ರಿಫೈನರಿಗೂ, ಬಂದರಿಗೂ, ಹೆದ್ದಾರಿಗೂ ಅನ್ವಯಿಸುತ್ತದೆ ಅಂತ ನನಗನ್ನಿಸುತ್ತದೆ.

ಭವಿಷ್ಯ ನುಡಿದವರು, ಅಲ್ಲಗಳೆದವರು

ಇಲ್ಲಿ ಹಬರ್ಟ್ ಹೆಸರು ಹೇಳಲೇಬೇಕು. ಶೆಲ್ ಕಂಪನಿಯಲ್ಲಿದ್ದ ಭೂವಿಜ್ಞಾನಿ. 1956ರಲ್ಲಿ ತೈಲ ಉದ್ಯಮದವರ ಸಭೆಯಲ್ಲೇ ನಿಂತು, ಅಮೆರಿಕದ ಉತ್ಪಾದನೆ 1965ರಿಂದ 1970ರ ಒಳಗೆ ಶಿಖರ ಮುಟ್ಟಿ ಇಳಿಯುತ್ತದೆ ಅಂದರು. ಬಹುತೇಕರು ಒಪ್ಪಲಿಲ್ಲ. 1970ರಲ್ಲಿ ಶಿಖರ ಮುಟ್ಟಿತು, ಇಳಿಯಿತು. 2008ರ ಹೊತ್ತಿಗೆ ದಿನಕ್ಕೆ 50 ಲಕ್ಷ ಬ್ಯಾರೆಲ್‌ಗೆ ಬಂತು. ಆಮೇಲೆ ಆದದ್ದನ್ನು ಅವರು ಊಹಿಸಿರಲಿಲ್ಲ. ಗಟ್ಟಿ ಜೇಡಿಕಲ್ಲಿಗೆ ಅಡ್ಡಡ್ಡ ಬಾವಿ ಕೊರೆದು, ನೀರು ಮರಳು ನುಗ್ಗಿಸಿ, ಕಲ್ಲನ್ನೇ ಸೀಳುವ ತಂತ್ರ ಬಂತು. ಅಮೆರಿಕ 2018ರಲ್ಲಿ ತನ್ನ ಹಳೆಯ ಶಿಖರವನ್ನು ದಾಟಿತು. ಈಗ ದಿನಕ್ಕೆ 1.3 ಕೋಟಿ ಬ್ಯಾರೆಲ್ ಆಸುಪಾಸು ತೆಗೆಯುತ್ತಿದೆ. ಜಗತ್ತಿನ ಶಿಖರ 2000ದ ಸುಮಾರಿಗೆ ಅಂತ ಹಬರ್ಟ್ ಹಾಕಿದ್ದ ಲೆಕ್ಕವೂ ಹುಸಿಯಾಯಿತು.

ಹಾಗಾಗಿ ತೈಲ ಇಳಿಯುತ್ತದೆ ಅನ್ನುವವರನ್ನು ಕಂಡರೆ ಜನ ಈಗ ತಲೆ ಕೊಡವುತ್ತಾರೆ. ತಲೆ ಕೊಡವುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಜಗತ್ತಿನ ಶಿಖರಕ್ಕೆ ದಿನಾಂಕ ಹೇಳಿದವರು ಈವರೆಗೆ ಸೋತಿದ್ದಾರೆ. ಆದರೆ ಜೇಡಿಕಲ್ಲಿನ ಬಾವಿಯ ಸ್ವಭಾವ ನೋಡಿ: ಮೊದಲ ವರ್ಷದಲ್ಲೇ ಅದರ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹರಿವು ಉಳಿಸಿಕೊಳ್ಳಬೇಕಾದರೆ ಕೊರೆಯುತ್ತಲೇ ಇರಬೇಕು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಕೊರೆಸಿದ ಬಾವಿಗೆ 21 ಮೀಟರ್‌ನಲ್ಲೇ ಎಣ್ಣೆ ಸಿಕ್ಕಿತ್ತು. ಇವತ್ತು ಬ್ರೆಜಿಲ್ ಕರಾವಳಿಯಾಚೆ ಎರಡು ಕಿಲೋಮೀಟರ್ ನೀರು, ಅದರಡಿ ಐದು ಕಿಲೋಮೀಟರ್ ಕಲ್ಲು ಮತ್ತು ಉಪ್ಪಿನ ಪದರ ದಾಟಿ ಹೋಗುತ್ತಿದ್ದಾರೆ. ಸುಲಭದ್ದು ಇದ್ದಿದ್ದರೆ ಅಷ್ಟು ಆಳಕ್ಕೆ ಯಾರು ಇಳಿಯುತ್ತಿದ್ದರು?

ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಸುಮಾರು 15,000 ತೈಲ ಮತ್ತು ಅನಿಲ ಕ್ಷೇತ್ರಗಳ ದಾಖಲೆ ನೋಡಿ ಒಂದು ವರದಿ ಕೊಟ್ಟಿತು. ಶಿಖರ ದಾಟಿದ ಸಾಂಪ್ರದಾಯಿಕ ತೈಲಕ್ಷೇತ್ರಗಳು ಸರಾಸರಿ ವರ್ಷಕ್ಕೆ ಶೇ 5.6ರಷ್ಟು ಇಳಿಯುತ್ತಿವೆ. ಅದೂ ಹಣ ಸುರಿಯುತ್ತಿರುವಾಗ. ಹಣ ಹಾಕುವುದನ್ನು ನಿಲ್ಲಿಸಿಬಿಟ್ಟರೆ ಜಗತ್ತಿನ ಉತ್ಪಾದನೆ ಪ್ರತಿವರ್ಷ ದಿನಕ್ಕೆ 55 ಲಕ್ಷ ಬ್ಯಾರೆಲ್‌ನಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಬ್ರೆಜಿಲ್ ಮತ್ತು ನಾರ್ವೆ ಎರಡೂ ಸೇರಿ ತೆಗೆಯುವಷ್ಟು. ತೈಲ ಮತ್ತು ಅನಿಲ ತೆಗೆಯಲು ಜಗತ್ತು ಹೂಡುವ ಹಣದಲ್ಲಿ ಶೇ 90ರಷ್ಟು ಈ ಇಳಿತವನ್ನು ತುಂಬುವುದಕ್ಕೇ ಹೋಗುತ್ತಿದೆ. ಈ ಸಾಲನ್ನು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಇಳಿತ ಮುಂದೆಂದೋ ಬರುವಂಥದ್ದು ಅಂತ ಮಾತಾಡುತ್ತೇವೆ. ಅದು ನಡೆಯುತ್ತಲೇ ಇದೆ, ದಿನವೂ ಅದನ್ನು ಮುಚ್ಚುತ್ತಿದ್ದೇವೆ.

ಬೆಲೆ ಮುನ್ಸೂಚನೆ ಕೊಡುತ್ತದೆ, ಆಗ ಎಚ್ಚೆತ್ತುಕೊಂಡರಾಯಿತು ಅನ್ನುವ ನಂಬಿಕೆಯೂ ನನಗಿಲ್ಲ. 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಆಗಿತ್ತು. ಅದೇ ವರ್ಷದ ಕೊನೆಗೆ 40 ಡಾಲರ್‌ಗೂ ಕೆಳಗೆ ಬಿತ್ತು. 2020ರ ಏಪ್ರಿಲ್‌ನಲ್ಲಿ ಒಂದು ದಿನ ಅಮೆರಿಕದ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದು, ಮಾರುವವರೇ ದುಡ್ಡು ಕೊಟ್ಟು ಸಾಗಹಾಕಬೇಕಾಯಿತು. ಇಂಥ ಬೆಲೆಯನ್ನು ನಂಬಿ ಹತ್ತು ವರ್ಷದ ಯೋಜನೆ ಯಾರು ಮಾಡಿಯಾರು?

ಕಡಿಮೆಯಾದಾಗ ಯಾರಿಗೆ?

ತೈಲ ಒಮ್ಮೆಗೇ ಅರ್ಧವಾದರೆ ಏನಾಗುತ್ತದೆ ಅನ್ನುವುದನ್ನು ಒಂದು ದೇಶ ಬದುಕಿ ತೋರಿಸಿದೆ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗ ಕ್ಯೂಬಾಕ್ಕೆ ಸಕ್ಕರೆಗೆ ಬದಲಾಗಿ ಬರುತ್ತಿದ್ದ ಅಗ್ಗದ ತೈಲ ಕೈತಪ್ಪಿತು. ಬಸ್ಸು ನಿಂತವು, ಟ್ರ್ಯಾಕ್ಟರ್ ನಿಂತವು, ದಿನದ ಬಹುಹೊತ್ತು ಕರೆಂಟಿಲ್ಲ. ಸರ್ಕಾರ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿತು. ಲಾರಿಯ ಹಿಂದೆ ಉದ್ದನೆಯ ಡಬ್ಬಿ ಕಟ್ಟಿ ಬಸ್ಸು ಮಾಡಿದರು. ಅದರ ಡುಬ್ಬದ ಆಕಾರ ನೋಡಿ ಜನ ಒಂಟೆ ಅಂತ ಕರೆದರು. ಹೊಲಕ್ಕೆ ಎತ್ತುಗಳು ವಾಪಸ್ ಬಂದವು. ಊರೊಳಗಿನ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆದರು. ಈ ಕಥೆಯನ್ನು ಹಲವರು ಸ್ಫೂರ್ತಿಯ ಕಥೆಯಾಗಿ ಹೇಳುತ್ತಾರೆ. ಅಲ್ಲಿನ ಜನ ತೋರಿದ ಗಟ್ಟಿತನಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ಊಟ ಸಾಲದೆ ದೇಶದ ಜನರ ಮೈತೂಕವೇ ಇಳಿಯಿತು. ಪೌಷ್ಟಿಕಾಂಶ ಕೊರತೆಯಿಂದ ಸಾವಿರಾರು ಜನರ ಕಣ್ಣಿನ ನರಗಳಿಗೆ ಪೆಟ್ಟುಬಿತ್ತು. ತಯಾರಿ ಇಲ್ಲದೆ ಇಳಿಯುವುದು ಅಂದರೆ ಹೀಗೆ.

ನಿಧಾನವಾಗಿ ಇಳಿದರೆ ದಾರಿಗಳಿವೆ. 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದರಲ್ಲಿ ಒಂದಕ್ಕಿಂತ ಜಾಸ್ತಿ ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ಸಪ್ಲೈ ಇಳಿಯುವ ಮೊದಲೇ ಬೇಡಿಕೆ ಇಳಿಯುತ್ತದೆ ಅನ್ನುವವರು ಇದನ್ನೇ ತೋರಿಸುತ್ತಾರೆ. ಹಾಗಾಗಲಿ ಅಂತ ನನ್ನ ಆಸೆ. ಉಳಿದಿರುವುದನ್ನೆಲ್ಲ ಉರಿಸಿದರೆ ಭೂಮಿ ಎಷ್ಟು ಬಿಸಿಯಾದೀತು ಅನ್ನುವ ಚಿಂತೆ ನನಗೂ ಇದೆ. ಆದರೆ ಕಾರು ಸುಲಭದ ಭಾಗ. ಹೊಲದ ಯಂತ್ರ, ಗಣಿಯ ಲಾರಿ, ಹಡಗು, ವಿಮಾನ ಇವು ಡೀಸೆಲ್ಲನ್ನೋ ಅದರ ಅಣ್ಣತಮ್ಮಂದಿರನ್ನೋ ಬಿಟ್ಟು ಓಡುವುದಕ್ಕೆ ಇನ್ನೂ ಬಹಳ ಕಾಲ ಬೇಕು. ಆಸ್ಪತ್ರೆಯ ಸಿರಿಂಜು, ಸಲೈನ್ ಚೀಲ, ಕೈಗವಸು ಇವಕ್ಕೂ ಮೂಲ ಇದೇ ಎಣ್ಣೆ ಮತ್ತು ಅನಿಲ. ಬೇಡಿಕೆ ಇಳಿಯುವ ವೇಗಕ್ಕಿಂತ ಬಾವಿಗಳು ಇಳಿಯುವ ವೇಗ ಜಾಸ್ತಿಯಾದರೆ ನಡುವಿನ ಕಂದಕಕ್ಕೆ ಮೊದಲು ಬೀಳುವವರು ಕೊಳ್ಳುವ ಶಕ್ತಿ ಕಡಿಮೆ ಇರುವವರು. ಬಡ ದೇಶಗಳು, ಪ್ರತಿ ದೇಶದ ಬಡವರು.

ಅರಬ್ ದೇಶಗಳು ಕೆಲವು ದೇಶಗಳಿಗೆ ತೈಲ ತಡೆಹಿಡಿದ 1973ರ ಬಿಕ್ಕಟ್ಟಿನ ನಂತರ ಶ್ರೀಮಂತ ದೇಶಗಳು ಒಂದು ಪಾಠ ಕಲಿತವು. ಮರುವರ್ಷ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಕಟ್ಟಿಕೊಂಡು, ಮುಂದೆ ಪ್ರತಿ ಸದಸ್ಯ ದೇಶ 90 ದಿನದ ಆಮದಿನಷ್ಟು ತೈಲ ಕೂಡಿಡಬೇಕು ಅಂತ ನಿಯಮ ಮಾಡಿದವು. ಯುದ್ಧಕ್ಕೆ, ಚಂಡಮಾರುತಕ್ಕೆ ಅದು ಸರಿ. ವರ್ಷವರ್ಷವೂ ಸ್ವಲ್ಪಸ್ವಲ್ಪ ಇಳಿಯುವ ಹರಿವಿಗೆ 90 ದಿನದ ದಾಸ್ತಾನು ಏನು ಮಾಡೀತು? ಭೂವಿಜ್ಞಾನಿ ಕಾಲಿನ್ ಕ್ಯಾಂಪ್‌ಬೆಲ್ ಬೇರೆ ದಾರಿ ಸೂಚಿಸಿದ್ದರು. ಜಗತ್ತಿನ ತೈಲ ವರ್ಷಕ್ಕೆ ಎಷ್ಟು ಪಾಲು ಕರಗುತ್ತದೋ ಆಮದು ಮಾಡುವ ಪ್ರತಿ ದೇಶವೂ ತನ್ನ ಆಮದನ್ನು ಅಷ್ಟೇ ಪಾಲು ವರ್ಷವರ್ಷ ಕಡಿಮೆ ಮಾಡಿಕೊಳ್ಳುತ್ತಾ ಬರಲಿ ಅಂತ. ಆಗ ಬೆಲೆ ಹುಚ್ಚೆದ್ದು ಓಡುವುದಿಲ್ಲ, ಬಡ ದೇಶಕ್ಕೂ ಪಾಲು ಸಿಗುತ್ತದೆ, ಬದಲಾಗಲು ಎಲ್ಲರಿಗೂ ಸಮಯ ಸಿಗುತ್ತದೆ. ಈ ವಿಷಯದಲ್ಲಿ ನಾನು ಓದಿದ ಮಾತುಗಳಲ್ಲಿ ಇಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ. ಮಾತು ಅಲ್ಲಿಗೇ ನಿಂತಿತು. ಅದನ್ನು ಮತ್ತೆ ಮೇಜಿನ ಮೇಲೆ ತರಬೇಕು.

2000ದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಇಂಧನ ಬೆಲೆ ವಿರೋಧಿಸಿ ರೈತರು, ಲಾರಿಯವರು ರಿಫೈನರಿಗಳ ಬಾಗಿಲಿಗೆ ಅಡ್ಡ ನಿಂತರು. ಆ ದೇಶದ ಬಾವಿಗಳು ಆಗಿನ್ನೂ ಶಿಖರದ ಹತ್ತಿರವೇ ಇದ್ದವು. ಎಣ್ಣೆಗೆ ಕೊರತೆ ಇರಲಿಲ್ಲ, ಟ್ಯಾಂಕರ್ ಹೊರಬರಲಿಲ್ಲ ಅಷ್ಟೇ. ಕೆಲವೇ ದಿನಗಳಲ್ಲಿ ಪೆಟ್ರೋಲ್ ಬಂಕುಗಳು ಖಾಲಿಯಾದವು, ಆಸ್ಪತ್ರೆಗಳು ಶಸ್ತ್ರಚಿಕಿತ್ಸೆ ಮುಂದೂಡಿದವು, ಅಂಗಡಿಗಳಲ್ಲಿ ಬ್ರೆಡ್ಡು ಹಾಲಿಗೆ ಮಿತಿ ಬಂತು. ಇಂಧನ ಯಾರಿಗೆ ಮೊದಲು ಅನ್ನುವ ಪಟ್ಟಿಯನ್ನು ಸರ್ಕಾರ ಆ ಗಡಿಬಿಡಿಯಲ್ಲಿ ಹೊರಡಿಸಬೇಕಾಯಿತು. ಅಂಥ ಪಟ್ಟಿಯನ್ನು ಪ್ರತಿ ದೇಶವೂ ಈಗಲೇ, ಬಂಕು ತುಂಬಿರುವಾಗಲೇ, ಜನರ ಮುಂದೆ ಕೂತು ಚರ್ಚಿಸಿ ಬರೆಯಬೇಕು ಅನ್ನುವುದು ನನ್ನ ಒತ್ತಾಯ. ಅದರಲ್ಲಿ ಆಂಬುಲೆನ್ಸ್ ಮೊದಲು ಬರುವುದರ ಬಗ್ಗೆ ಜಗಳ ಇರಲ್ಲ. ಎರಡನೆಯದು ಹೊಲದ ಟ್ರ್ಯಾಕ್ಟರ್ ಅನ್ನುತ್ತೇನೆ ನಾನು. ಮೂರನೆಯದರಿಂದ ವಾದ ಶುರುವಾಗಲಿ.